ಕಾಳು ನುಂಗುವ ಜರಡಿ

ಬಾಗಿಲ ಕಾವಲಿಗೆ ನಿಲ್ಲುವವರಲ್ಲಿ ಎರಡು ಬಗೆ. ಒಬ್ಬನು ಬಂದವನನ್ನು ಹೊರಗೇ ತಡೆದು, "ನಿನಗಿಲ್ಲಿ ಪ್ರವೇಶವಿಲ್ಲ, ಹೋಗು" ಎಂದು ಮುಖದೆದುರಿಗೇ ಹೇಳುವವನು. ಅವನು ಒರಟನಿರಬಹುದು, ಅನ್ಯಾಯಗಾರನೂ ಇರಬಹುದು. ಆದರೆ ಅವನಿಂದ ಯಾರಿಗೂ ಮೋಸವಿಲ್ಲ. ಬಂದವನು ಬೇರೆ ದಾರಿ ಹುಡುಕಿಕೊಳ್ಳುತ್ತಾನೆ, ಇಲ್ಲವೆ ಜಗಳವನ್ನಾದರೂ ಆಡುತ್ತಾನೆ. ಇನ್ನೊಬ್ಬನು ನಗುಮುಖದಿಂದ ಕಾಗದವನ್ನು ಕೈಗೆ ತೆಗೆದುಕೊಂಡು, "ಆಗಲಿ, ಯಜಮಾನರಿಗೆ ಮುಟ್ಟಿಸುತ್ತೇನೆ" ಎಂದು ಹೇಳಿ, ಬಂದವನು ಬೆನ್ನು ತಿರುಗಿಸಿದೊಡನೆ ಅದನ್ನು ಹಿತ್ತಿಲ ಬಾವಿಗೆ ಎಸೆಯುವವನು. ಈ ಎರಡನೆಯವನನ್ನು ನಮ್ಮ ಹಿರಿಯರು ಮನೆಯಲ್ಲಿ ಒಂದು ದಿನವೂ ಇಟ್ಟುಕೊಳ್ಳುತ್ತಿರಲಿಲ್ಲ. ಇಂದು ಅದೆಷ್ಟೋ ಕಚೇರಿಗಳ ಈಮೇಲ್ ಸರ್ವರಿನ ಬಾಗಿಲಲ್ಲಿ ಅವನೇ ನಿಂತಿದ್ದಾನೆ. ಸಾಲದುದಕ್ಕೆ ಅವನನ್ನು ಹೊಗಳುತ್ತಲೂ ಇದ್ದೇವೆ: "ನೋಡಿ, ನಮ್ಮ ಸ್ಪ್ಯಾಮ್ ಫಿಲ್ಟರ್ ಎಷ್ಟು ಬಿಗಿ! ಒಂದು ಕಸದ ಕಾಗದವೂ ಒಳಗೆ ಬರುವುದಿಲ್ಲ."

ಕಸ ಬರುವುದಿಲ್ಲ, ನಿಜ. ಕಸದ ಜತೆಗೆ ಏನೇನು ಹೋಯಿತು ಎಂದು ಕೇಳಿದರೆ ಉತ್ತರವಿಲ್ಲ. ಏಕೆಂದರೆ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಮೊದಲಿಗೇ ಸ್ಪಷ್ಟಪಡಿಸುತ್ತೇನೆ: ನಾನು ಸ್ಪ್ಯಾಮಿನ ವಕೀಲನಲ್ಲ. ಕೇಳದೆ ಬರುವ ಲಾಟರಿಯ ಲಕ್ಷಗಳು, ತೂಕ ಇಳಿಸುವ ಮಾತ್ರೆಗಳು, ಬ್ಯಾಂಕಿನ ಹೆಸರು ಹೊತ್ತು ಬಂದು ಗುಪ್ತಸಂಖ್ಯೆಯನ್ನು ಕೇಳುವ ಕಳ್ಳ ಕಾಗದಗಳು — ಇವುಗಳ ಉಪದ್ರವ ಯಾರಿಗೆ ಗೊತ್ತಿಲ್ಲ? ಜಗತ್ತಿನಲ್ಲಿ ಓಡಾಡುವ ಈಮೇಲಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಂಥ ಕಸವೇ ಎಂದು ಇತ್ತೀಚಿನ ವರ್ಷಗಳ ಅಂದಾಜುಗಳು ಹೇಳುತ್ತವೆ. ಜರಡಿಯಿಲ್ಲದೆ ಇಂದು ಈಮೇಲ್ ಸರ್ವರನ್ನು ನಡೆಸುವುದು ಬಾಗಿಲಿಲ್ಲದ ಮನೆಯಲ್ಲಿ ಸಂಸಾರ ಹೂಡಿದಂತೆ. ಜರಡಿ ಬೇಕು. ನನ್ನ ಜಗಳವಿರುವುದು ಜರಡಿಯ ಕಣ್ಣು ಎಷ್ಟು ಸಣ್ಣದಿರಬೇಕು, ಅದರಲ್ಲಿ ಉಳಿದದ್ದು ಎಲ್ಲಿಗೆ ಹೋಗಬೇಕು ಎಂದು ಒಬ್ಬರೇ ಕುಳಿತು ನಿರ್ಣಯಿಸಿ, ಆಮೇಲೆ ಅದನ್ನು ಮರೆತುಬಿಡುವ ಮಹನೀಯರೊಡನೆ.

ಸಾಹಿತ್ಯದ ಪುಟದಲ್ಲಿ ಈ ಯಂತ್ರಪುರಾಣ ಏಕೆ ಎಂದು ಕೆಲವರಾದರೂ ಹುಬ್ಬು ಗಂಟಿಕ್ಕಬಹುದು. ಇಂದು ಕಥೆಗಾರನು ತನ್ನ ಕಥೆಯನ್ನು ಪತ್ರಿಕೆಗೆ ಕಳುಹಿಸುವುದು ಈಮೇಲಿನಲ್ಲಿ. ಪ್ರಕಾಶಕನ ಒಪ್ಪಿಗೆ ಬರುವುದು ಈಮೇಲಿನಲ್ಲಿ. ಪರವೂರಿನಲ್ಲಿರುವ ಮಗಳ ದಾಖಲೆ, ನೌಕರಿಯ ಸಂದರ್ಶನದ ಕರೆ, ಆಸ್ಪತ್ರೆಯ ಪರೀಕ್ಷೆಯ ವರದಿ, ವಕೀಲರ ನೋಟೀಸು, ಎಲ್ಲವೂ ಅದೇ ಬಾಗಿಲಿನಿಂದ. ಪತ್ರಕ್ಕೆ ಸಂಬಂಧಪಟ್ಟದ್ದು ಬರೆಯುವವರೆಲ್ಲರಿಗೂ ಸಂಬಂಧಪಟ್ಟದ್ದು.

ಈ ಪೀಡೆ ಹೊಸದೇನೂ ಅಲ್ಲ. ಜಾಲದ ಪಿತಾಮಹರಲ್ಲೊಬ್ಬರಾದ ಜಾನ್ ಪೋಸ್ಟೆಲ್ ೧೯೭೫ರ ನವೆಂಬರಿನಲ್ಲಿಯೇ ಒಂದು ಚಿಕ್ಕ ಟಿಪ್ಪಣಿಯನ್ನು ಬರೆದು, ಬೇಡದ ಪತ್ರಗಳನ್ನು ಆರಿಸಿ ನಿರಾಕರಿಸುವ ಉಪಾಯ ಆಗಿನ ಜಾಲದಲ್ಲಿ ಇಲ್ಲವೆಂದು ಎಚ್ಚರಿಸಿದ್ದರು. ಮೂರು ವರ್ಷವೂ ತುಂಬಲಿಲ್ಲ. ೧೯೭೮ರ ಮೇ ೩ರಂದು ಡಿಜಿಟಲ್ ಈಕ್ವಿಪ್‌ಮೆಂಟ್ ಕಾರ್ಪೊರೇಶನ್ನಿನ ಮಾರಾಟದ ಅಧಿಕಾರಿ ಗ್ಯಾರಿ ಥ್ಯೂರ್ಕ್ ಹೊಸ ಕಂಪ್ಯೂಟರಿನ ಜಾಹೀರಾತನ್ನು ಸುಮಾರು ೪೦೦ ಜನರಿಗೆ ಒಮ್ಮೆಲೇ ಕಳುಹಿಸಿದರು. ಸ್ಪ್ಯಾಮಿನ ವಂಶವೃಕ್ಷದ ಬೇರು ಅಲ್ಲಿದೆ. ಹೆಸರು ಬಂದದ್ದು ಮಾತ್ರ ಡಬ್ಬಿಯ ಮಾಂಸದಿಂದ: ೧೯೩೭ರಲ್ಲಿ ಅಮೆರಿಕದ ಹಾರ್ಮೆಲ್ ಕಂಪೆನಿ ಮಾರುಕಟ್ಟೆಗೆ ತಂದ ಪದಾರ್ಥ ಅದು. ೧೯೭೦ರಲ್ಲಿ ಮಾಂಟಿ ಪೈಥಾನ್ ಎಂಬ ಬ್ರಿಟಿಷ್ ಹಾಸ್ಯತಂಡವು, ಏನು ಕೇಳಿದರೂ ಅದನ್ನೇ ಬಡಿಸುವ ಹೋಟೆಲೊಂದನ್ನು ದೂರದರ್ಶನದಲ್ಲಿ ತೋರಿಸಿ ನಗಿಸಿತು. ಬೇಡವೆಂದರೂ ಎಲೆಗೆ ಬೀಳುವ ಪದಾರ್ಥ. ಹೆಸರು ಸರಿಯಾಗಿಯೇ ಇದೆ.

ಈಗ ಕಾವಲುಗಾರನ ವಚನದ ವಿಷಯಕ್ಕೆ ಬರೋಣ. ಒಂದು ಸರ್ವರು ಇನ್ನೊಂದಕ್ಕೆ ಪತ್ರ ಕೊಡುವಾಗ ಅವೆರಡರ ನಡುವೆ ಒಂದು ಸಂಭಾಷಣೆ ನಡೆಯುತ್ತದೆ. ಬಂದದ್ದು ತನ್ನ ಹೆಸರು ಹೇಳುತ್ತದೆ. ಯಾರಿಂದ, ಯಾರಿಗೆ ಎಂದು ತಿಳಿಸುತ್ತದೆ. ಆಮೇಲೆ ಪತ್ರವನ್ನು ಓದಿ ಮುಗಿಸುತ್ತದೆ. ಆಗ ಪಡೆಯುವ ಸರ್ವರು ಒಂದು ಸಂಖ್ಯೆಯನ್ನು ನುಡಿಯಬೇಕು. ೨೫೦ ಎಂದರೆ "ಪಡೆದೆ". ೪ರಿಂದ ಮೊದಲಾಗುವ ಸಂಖ್ಯೆಯೆಂದರೆ "ಈಗಲ್ಲ, ಸ್ವಲ್ಪ ಹೊತ್ತು ಬಿಟ್ಟು ಬಾ". ೫೫೦ ಎಂದರೆ "ಒಲ್ಲೆ", ಮತ್ತು ಅದರ ಪಕ್ಕದಲ್ಲಿ ಏಕೆ ಒಲ್ಲೆ ಎಂದು ಒಂದೆರಡು ಮಾತು ಬರೆಯಲು ಸ್ಥಳವೂ ಉಂಟು. ೫೫೦ ಕೇಳಿದ ಸರ್ವರು ತನ್ನ ಕಡೆಯ ಮನುಷ್ಯನಿಗೆ "ನಿಮ್ಮ ಪತ್ರ ತಲುಪಲಿಲ್ಲ, ಕಾರಣ ಇದು" ಎಂದು ತಿಳಿಸುತ್ತದೆ. ಇದು ಎಸ್‌ಎಂಟಿಪಿ ಎಂಬ ನಿಯಮಾವಳಿ. ಪೋಸ್ಟೆಲ್ಲರೇ ೧೯೮೨ರಲ್ಲಿ ಇದಕ್ಕೆ ರೂಪು ಕೊಟ್ಟವರು.

೨೫೦ ಎಂಬುದು ಬರಿಯ ಶಿಷ್ಟಾಚಾರವಲ್ಲ. ಜಾನ್ ಕ್ಲೆನ್ಸಿನ್ ಸಂಪಾದಿಸಿದ ೨೦೦೮ರ ನಿಯಮಾವಳಿ ಇದರ ಅರ್ಥವನ್ನು ಬಿಡಿಸಿ ಹೇಳುತ್ತದೆ: ೨೫೦ ಎಂದವನು ಪತ್ರದ ಹೊಣೆಯನ್ನು ಹೊತ್ತನು, ಕ್ಷುಲ್ಲಕ ಕಾರಣಗಳಿಗಾಗಿ ಅದನ್ನು ಕಳೆಯತಕ್ಕದ್ದಲ್ಲ, ಮುಟ್ಟಿಸಲಾರದೆ ಹೋದರೆ ಕಳುಹಿಸಿದವನಿಗೆ ತಿಳಿಸತಕ್ಕದ್ದು. ಸದ್ದಿಲ್ಲದೆ ಎಸೆಯುವ ಮಾತು ಬಂದಾಗ, ಪತ್ರವು ಘೋರ ವಂಚನೆಯದೆಂದು ಇಲ್ಲವೆ ಬೇರೆ ರೀತಿಯಲ್ಲಿ ಅನುಚಿತವೆಂದು ಬಲವಾದ ಭರವಸೆಯಿದ್ದಲ್ಲಿ ಮಾತ್ರ ಅದನ್ನು ಯೋಚಿಸಬಹುದೆಂದು ನಿಯಮ ಬಿಗಿಹಿಡಿಯುತ್ತದೆ. ವಿಚಾರಮಾಡಿದ ಜನ ಬರೆದ ಮಾತು ಇದು.

ನಮ್ಮ ನಿರ್ವಾಹಕರು ಮಾಡುವುದೇನು? ಪೋಸ್ಟ್‌ಫಿಕ್ಸ್ ಎಂಬ ಪ್ರಸಿದ್ಧ ಸರ್ವರ್ ತಂತ್ರಾಂಶದಲ್ಲಿ "ರಿಜೆಕ್ಟ್" ಎಂದೊಂದು ಆಜ್ಞೆ ಇದೆ, "ಡಿಸ್ಕಾರ್ಡ್" ಎಂದೊಂದು ಆಜ್ಞೆ ಇದೆ. ಮೊದಲನೆಯದು ಬಾಗಿಲಲ್ಲಿ ಒಲ್ಲೆ ಎನ್ನುವುದು. ಎರಡನೆಯದರ ಅರ್ಥವನ್ನು ಅದರ ಕೈಪಿಡಿಯೇ ಮುಚ್ಚುಮರೆಯಿಲ್ಲದೆ ತಿಳಿಸುತ್ತದೆ: ತಲುಪಿತೆಂದು ಹೇಳುವುದು, ಸದ್ದಿಲ್ಲದೆ ಎಸೆಯುವುದು. ಅಂದರೆ ಸುಳ್ಳು ಹೇಳುವುದು. ತಂತ್ರಾಂಶ ಬರೆದವರು ಪ್ರಾಮಾಣಿಕರು, ಸುಳ್ಳನ್ನು ಸುಳ್ಳೆಂದೇ ಬರೆದರು. ಅಮಾವಿಸ್ ಎಂಬ ಇನ್ನೊಂದು ಮಧ್ಯವರ್ತಿ ತಂತ್ರಾಂಶದಲ್ಲಿಯೂ ನಾಲ್ಕು ದಾರಿಗಳಿವೆ: ಬಿಡು, ಹಿಂದಿರುಗಿಸು, ನಿರಾಕರಿಸು, ಎಸೆ. ಎಸೆಯುವುದು ಎಲ್ಲಕ್ಕಿಂತ ಸುಲಭ. ದೂರು ಬರುವುದಿಲ್ಲವಲ್ಲ! ಕಳೆದುಹೋಯಿತೆಂದು ಕಳುಹಿಸಿದವನಿಗೆ ಗೊತ್ತಿಲ್ಲ. ಬಂದಿತ್ತೆಂದು ಪಡೆಯಬೇಕಾದವನಿಗೆ ಗೊತ್ತಿಲ್ಲ. ಕೊಲೆ ನಡೆದರೂ ಹೆಣವಿಲ್ಲ.

ನಮ್ಮ ಹಳೆಯ ಅಂಚೆ ಇಲಾಖೆಯನ್ನು ಬೈಯದವರು ಯಾರಿದ್ದಾರೆ? ಆದರೂ ಅದಕ್ಕೊಂದು ಧರ್ಮವಿತ್ತು. ವಿಳಾಸದಾರ ಸಿಗದಿದ್ದರೆ ಅಂಚೆಯವನು ಲಕೋಟೆಯ ಮೇಲೆ ಕಾರಣ ಬರೆದು ಹಿಂದಕ್ಕೆ ಕಳುಹಿಸುತ್ತಿದ್ದ. ಕಳುಹಿಸಿದವನ ವಿಳಾಸವೂ ಹೊರಗೆ ಇಲ್ಲದಿದ್ದರೆ ಕಾಗದ ರಿಟರ್ನ್ಡ್ ಲೆಟರ್ ಆಫೀಸಿಗೆ ಹೋಗುತ್ತಿತ್ತು. ಅಲ್ಲಿ ನಿಯುಕ್ತನಾದ ಅಧಿಕಾರಿ ಅದನ್ನು ಬಿಚ್ಚಿ, ಬರೆದವನಾರೆಂದು ಹುಡುಕಿ ಹಿಂದಿರುಗಿಸಲು ಪ್ರಯತ್ನಿಸುತ್ತಿದ್ದ. ೧೮೯೮ರ ಅಂಚೆ ಕಾಯಿದೆಯಲ್ಲಿ ಮುಟ್ಟದ ಕಾಗದಗಳ ಗತಿಯೇನೆಂಬುದಕ್ಕೇ ವಿಧಿಗಳಿದ್ದವು. ಆ ಕಾಯಿದೆ ಹೋಗಿ ೨೦೨೩ರ ಹೊಸ ಕಾಯಿದೆ ಬಂದಿದೆ, ಅದು ಬೇರೆ ಮಾತು. ಪರಕೀಯರ ಆಳ್ವಿಕೆಯಲ್ಲಿಯೂ ಕೆಲವು ಪೈಸೆಯ ಕಾರ್ಡಿಗೆ ಇದ್ದ ಮರ್ಯಾದೆ ಇಂದು ನಮ್ಮವರೇ ನಡೆಸುವ ಸರ್ವರಿನಲ್ಲಿ ನೌಕರಿಯ ಅರ್ಜಿಗೆ ಇಲ್ಲವೆಂದರೆ ಇದನ್ನು ಪ್ರಗತಿಯೆನ್ನಬೇಕೆ?

ಇದರಲ್ಲಿ ಕಾನೂನಿನ ಗಂಟೊಂದಿದೆ. ವಾಚಕರು ಗಮನವಿಟ್ಟು ನೋಡಬೇಕು. ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೧೩ನೆಯ ವಿಧಿಯ ಪ್ರಕಾರ, ಉಭಯರಲ್ಲಿ ಬೇರೆ ಒಪ್ಪಂದವಿಲ್ಲದಿದ್ದರೆ, ಪಡೆಯುವವನು ಇಂಥ ಕಡೆಗೆ ಕಳುಹಿಸಿ ಎಂದು ಗೊತ್ತುಮಾಡಿದ ಕಂಪ್ಯೂಟರ್ ವ್ಯವಸ್ಥೆಯೊಳಗೆ ಪತ್ರವು ಪ್ರವೇಶಿಸಿದ ಕ್ಷಣವೇ ಅದು ತಲುಪಿದ ಕ್ಷಣ. ನೀವು ಓದಿದಿರೋ ಇಲ್ಲವೋ, ಅದು ಯಾವ ಪೆಟ್ಟಿಗೆಗೆ ಬಿತ್ತೋ, ಆ ವಿಧಿ ಕೇಳುವುದಿಲ್ಲ. ಹೀಗಿರುವಲ್ಲಿ ನಿಮಗೆ ಬಂದ ನೋಟೀಸನ್ನು ನಿಮ್ಮ ಸರ್ವರು ೨೫೦ ಎಂದು ಪಡೆದು ಬಾವಿಗೆ ಎಸೆಯಿತೆಂದಿಟ್ಟುಕೊಳ್ಳಿ. ಎದುರುಪಕ್ಷದವರ ಕೈಯಲ್ಲಿ ಪಡೆದ ದಾಖಲೆ ಇದೆ. ನಿಮ್ಮ ಕೈಯಲ್ಲಿ ಏನೂ ಇಲ್ಲ. ನಿಮಗೆ ತಲುಪಿತೆಂದು ಅವರು ವಾದಿಸುತ್ತಾರೆ, ತಲುಪಲಿಲ್ಲವೆಂದು ನೀವು. ಯಾವ ಕಕ್ಷಿದಾರನಾದರೂ ಇಂಥ ಇಕ್ಕಟ್ಟನ್ನು ದುಡ್ಡು ಕೊಟ್ಟು ಕೊಂಡುಕೊಂಡಾನೆ? ಬಾಗಿಲಲ್ಲೇ ೫೫೦ ಎಂದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಪತ್ರ ಒಳಗೆ ಬರಲಿಲ್ಲ, ಬರಲಿಲ್ಲವೆಂದು ಕಳುಹಿಸಿದವನಿಗೂ ಗೊತ್ತು.

"ಎಸೆಯುವುದು ಸ್ಪ್ಯಾಮನ್ನು ಮಾತ್ರ, ಒಳ್ಳೆಯ ಪತ್ರಕ್ಕೆ ಭಯವೇನು?" ಎಂದು ನಿರ್ವಾಹಕರು ಕೇಳುತ್ತಾರೆ. ಜರಡಿಯ ಒಳಗನ್ನು ನೋಡಿದವರು ಈ ಪ್ರಶ್ನೆಯನ್ನು ಕೇಳಲಾರರು. ಸ್ಪ್ಯಾಮ್‌ಅಸ್ಯಾಸಿನ್ ಎಂಬ ಹೆಸರಾಂತ ಫಿಲ್ಟರನ್ನೇ ತೆಗೆದುಕೊಳ್ಳಿ. ಅದರಲ್ಲಿ ನೂರಾರು ನಿಯಮಗಳು, ಒಂದೊಂದಕ್ಕೂ ಅಂಕ. ತಲೆಬರಹವೆಲ್ಲ ದೊಡ್ಡಕ್ಷರವೆ? ಇಷ್ಟು ಅಂಕ. ಕಳುಹಿಸಿದ ಯಂತ್ರದ ಹೆಸರು ಕರಿಪಟ್ಟಿಯಲ್ಲಿದೆಯೆ? ಇನ್ನಷ್ಟು. ಒಟ್ಟು ೫ ಆದರೆ ಸ್ಪ್ಯಾಮೆಂದು ಮುದ್ರೆ. ಪರೀಕ್ಷೆಯಲ್ಲಿ ಅಂಕ ಎಣಿಸಿ ನಪಾಸು ಮಾಡಿದಂತೆ. ಆದರೆ ಇಲ್ಲಿಯೂ ಒಂದು ಮಾತನ್ನು ಮರೆಯಬಾರದು: ಈ ಫಿಲ್ಟರ್ ತಾನಾಗಿ ಯಾವ ಪತ್ರವನ್ನೂ ಅಳಿಸುವುದಿಲ್ಲ, ಗುರುತು ಹಾಕಿ ಸುಮ್ಮನಾಗುತ್ತದೆ. ಗುರುತು ಬಿದ್ದದ್ದನ್ನು ಕೊಲ್ಲಬೇಕೆಂದು ಬರೆಯುವುದು ಮನುಷ್ಯನ ಕೈ. "ಕಂಪ್ಯೂಟರು ಹಾಗೆ ಮಾಡಿತು" ಎನ್ನುವವರು ತಮ್ಮ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದಾರೆ.

ಅಂಕಗಳು ಎಷ್ಟು ನೆಚ್ಚಿಕೆಗೆ ತಕ್ಕವು? ಅದೇ ಸ್ಪ್ಯಾಮ್‌ಅಸ್ಯಾಸಿನ್ನಿನಲ್ಲಿ, ಬಹಳ ಮುಂದಿನ ತಾರೀಖು ಹೊತ್ತು ಬರುವ ಪತ್ರ ಸಂಶಯಾಸ್ಪದವೆಂದು ಒಂದು ನಿಯಮವಿತ್ತು. ಬರೆದವರ ಎಣಿಕೆಯಲ್ಲಿ "ಬಹಳ ಮುಂದು" ಎಂದರೆ ೨೦೧೦ ಮತ್ತು ಅದರಾಚೆ. ಕಾಲ ಯಾರಿಗಾಗಿಯೂ ನಿಲ್ಲುವುದಿಲ್ಲ. ೨೦೧೦ರ ಜನವರಿ ೧ ಬಂತು. ಅಂದು ಬೆಳಗಿನಿಂದ ಜಗತ್ತಿನಲ್ಲಿ ಸರಿಯಾದ ತಾರೀಖು ಹಾಕಿ ಹೊಸ ವರ್ಷದ ಶುಭಾಶಯ ಬರೆದ ಪ್ರತಿಯೊಬ್ಬನೂ ಅಪರಾಧಿಯಾದ. ಐದರಲ್ಲಿ ಮೂರಕ್ಕೂ ಮಿಕ್ಕಿ ಅಂಕ ಅದೊಂದಕ್ಕೇ. ವಿನೋದವೆಂದರೆ, ತಪ್ಪನ್ನು ಬೆಳವಣಿಗೆಯ ಪ್ರತಿಯಲ್ಲಿ ಮೊದಲೇ ತಿದ್ದಿಯಾಗಿತ್ತು. ಬಳಸುವವರ ಯಂತ್ರಗಳಿಗೆ ಅದು ಮುಟ್ಟಿರಲಿಲ್ಲ. ಗುರುತು ಹಾಕಿ ಬಿಟ್ಟಿದ್ದ ಕಡೆ ಜನ ಪತ್ರಗಳನ್ನು ಹೆಕ್ಕಿಕೊಂಡರು. ಎಸೆಯುತ್ತಿದ್ದ ಕಡೆ ಹೆಕ್ಕಲು ಏನು ಉಳಿದಿದ್ದೀತು?

ಕರಿಪಟ್ಟಿಗಳ ಕಥೆ ಇನ್ನೂ ಸೊಗಸು. ಕೆಟ್ಟ ಯಂತ್ರಗಳ ಅಂಕೆವಿಳಾಸಗಳನ್ನು ಪಟ್ಟಿಮಾಡಿ, ಕೇಳಿದವರಿಗೆ "ಹೌದು, ಅಲ್ಲ" ಎಂದು ಹೇಳುವ ಸಂಸ್ಥೆಗಳಿವೆ. ಅವುಗಳಲ್ಲಿ ಒಆರ್‌ಡಿಬಿ ಎಂಬುದು ೨೦೦೬ರ ಡಿಸೆಂಬರಿನಲ್ಲಿ ಅಂಗಡಿ ಮುಚ್ಚಿತು. ಎಲ್ಲರೂ ತಮ್ಮ ಸರ್ವರಿನಿಂದ ಹೆಸರು ತೆಗೆಯಿರೆಂದು ಹೇಳಿಯೂ ಹೇಳಿತು. ತೆಗೆದವರು ತೆಗೆದರು, ಮಿಕ್ಕವರು ಒಮ್ಮೆ ಬರೆದ ಸಾಲನ್ನು ಮತ್ತೆ ನೋಡಲಿಲ್ಲ. ಸತ್ತ ಪಟ್ಟಿಯನ್ನು ಕೇಳುತ್ತಲೇ ಇದ್ದರು. ೨೦೦೮ರ ಮಾರ್ಚಿನಲ್ಲಿ ಆ ಪಟ್ಟಿ ಕೇಳಿದ ಪ್ರತಿಯೊಂದು ವಿಳಾಸಕ್ಕೂ "ಹೌದು, ಕೆಟ್ಟದ್ದು" ಎಂದು ಉತ್ತರ ಕೊಡತೊಡಗಿತು. ಆ ಸರ್ವರುಗಳ ಪಾಲಿಗೆ ಒಂದೇ ದಿನದಲ್ಲಿ ಇಡೀ ಜಗತ್ತೇ ಕಳ್ಳರ ಸಂತೆ! ಇದರಲ್ಲಿ ಪಟ್ಟಿಯವರ ತಪ್ಪೆಷ್ಟು, ಹದಿನೈದು ತಿಂಗಳು ತನ್ನ ಸರ್ವರಿನ ಕಡೆ ತಲೆಹಾಕದವನ ತಪ್ಪೆಷ್ಟು, ವಾಚಕರೇ ತೂಗಲಿ. ಬದುಕಿರುವ ಪಟ್ಟಿಗಳೂ ನಿರ್ದೋಷವಲ್ಲ. ಅವು ಕೆಲವೊಮ್ಮೆ ಅಂಕೆವಿಳಾಸಗಳ ಇಡೀ ಓಣಿಯನ್ನೇ ಸೇರಿಸುತ್ತವೆ. ಕಡಿಮೆ ಬಾಡಿಗೆಯ ಸರ್ವರಿನಲ್ಲಿ ಜಾಗ ಹಿಡಿದ ಬಡ ಸಾಹಿತ್ಯಸಂಘವು ಪಕ್ಕದ ಬಾಡಿಗೆದಾರನ ಪಾಪಕ್ಕೆ ದಂಡ ತೆರುತ್ತದೆ.

ಪದಗಳನ್ನು ಹಿಡಿದು ಜಾಲಿಸುವವರ ಪಾಂಡಿತ್ಯವೂ ಇಷ್ಟೇ. ೧೯೯೬ರಲ್ಲಿ ಅಮೆರಿಕದ ಎಒಎಲ್ ಕಂಪೆನಿಯ ಜರಡಿಯು ಇಂಗ್ಲೆಂಡಿನ ಸ್ಕನ್‌ಥಾರ್ಪ್ ಊರಿನ ಜನ ಚಂದಾದಾರರಾಗದಂತೆ ತಡೆಯಿತು. ಕಾರಣ, ಆ ಊರಿನ ಹೆಸರಿನ ಹೊಟ್ಟೆಯೊಳಗೆ ನಾಲ್ಕಕ್ಷರದ ಅಶ್ಲೀಲ ಪದವೊಂದು ಅಡಗಿತ್ತು. ಒಂದು ಊರಿಗೆ ಊರೇ ತನ್ನ ಹೆಸರಿಗಾಗಿ ಬಹಿಷ್ಕೃತವಾಯಿತು. ೨೦೦೫ರಲ್ಲಿ ಅದೇ ದೇಶದ ವೆರೈಝನ್ ಕಂಪೆನಿ, ಸ್ಪ್ಯಾಮ್ ತಡೆಯುವ ಹೆಸರಿನಲ್ಲಿ ಯೂರೋಪಿನಿಂದ ಬರುವ ಸಾಚಾ ಪತ್ರಗಳನ್ನೂ ತಡೆದಿತೆಂದು ಅದರ ಚಂದಾದಾರರೇ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವುದು ನಮ್ಮ ದೇಶದ ಗಾದೆಯಾದರೂ ಆಚರಣೆ ಎಲ್ಲ ದೇಶಗಳಲ್ಲೂ ಉಂಟು.

ಇನ್ನು ಕನ್ನಡಿಗರಾದ ನಮಗೆ ನೇರವಾಗಿ ತಾಗುವ ಮಾತು. ಸ್ಪ್ಯಾಮ್‌ಅಸ್ಯಾಸಿನ್ನಿನಲ್ಲಿ ಪತ್ರದ ನುಡಿ ಯಾವುದೆಂದು ಊಹಿಸುವ ಒಂದು ಅಂಗವಿದೆ. ನಿರ್ವಾಹಕರು ಬೇಕೆಂದರೆ ಅದನ್ನು ಚಾಲೂ ಮಾಡಿ, "ನಮಗೆ ಈ ನುಡಿಗಳು ಸಮ್ಮತ" ಎಂದು ಬರೆಯಬಹುದು; ಸಮ್ಮತವಲ್ಲದ ನುಡಿಯ ಪತ್ರಕ್ಕೆ ೨.೮ ಅಂಕ ಬೀಳುತ್ತದೆ. ಆ ಅಂಗಕ್ಕೆ ಗೊತ್ತಿರುವ ನುಡಿಗಳ ಪಟ್ಟಿಯನ್ನು ೩.೪ನೆಯ ಆವೃತ್ತಿಯ ಕೈಪಿಡಿಯಲ್ಲಿ ನೋಡಿ. ಹಿಂದಿ ಇದೆ, ಮರಾಠಿ ಇದೆ, ನೇಪಾಳಿ ಇದೆ, ತಮಿಳು ಇದೆ, ಸಂಸ್ಕೃತವೂ ಇದೆ. ಕನ್ನಡ ಇಲ್ಲ. ಕನ್ನಡವನ್ನು ಸಮ್ಮತವೆಂದು ಬರೆಯೋಣವೆಂದರೆ ಬರೆಯಲು ಹೆಸರೇ ಇಲ್ಲ. ಇಂಗ್ಲಿಷ್ ಒಂದೇ ಸಾಕೆಂದು ಬರೆದಿಟ್ಟ ಸರ್ವರಿಗೆ ಕನ್ನಡ ಪತ್ರವೊಂದು ಬಂದು, ಯಂತ್ರವು ಅದನ್ನು ತಾನು ಬಲ್ಲ ಬೇರೆ ಯಾವುದೋ ನುಡಿಯೆಂದು ಊಹಿಸಿದರೆ, ಆ ಪತ್ರ ಬಾಯಿ ತೆರೆಯುವ ಮೊದಲೇ ಅರ್ಧಕ್ಕಿಂತ ಹೆಚ್ಚು ಅಪರಾಧಿ.

ಕಲಿತು ಗುರುತಿಸುವ ಫಿಲ್ಟರ್‌ಗಳಿವೆಯಲ್ಲ ಎನ್ನುವಿರಾ? ಇವೆ. ೨೦೦೨ರ ಆಗಸ್ಟಿನಲ್ಲಿ ಪಾಲ್ ಗ್ರಹಾಂ ಎಂಬವರು ಒಂದು ಪ್ರಬಂಧದಿಂದ ಆ ಬಗೆಯನ್ನು ಜನಪ್ರಿಯಗೊಳಿಸಿದರು. ಯಾವ ಪದ ಸ್ಪ್ಯಾಮಿನಲ್ಲಿ ಎಷ್ಟು ಸಲ, ಒಳ್ಳೆಯ ಪತ್ರದಲ್ಲಿ ಎಷ್ಟು ಸಲ ಬಂತೆಂದು ಎಣಿಸಿ ಸಂಭಾವ್ಯತೆಯನ್ನು ಕಟ್ಟುವುದು ಅದರ ಹುರುಳು. ಆದರೆ ಯಂತ್ರ ಕಲಿಯುವುದು ನಾವು ತೋರಿಸಿದ್ದನ್ನು. ಸ್ಪ್ಯಾಮ್‌ಅಸ್ಯಾಸಿನ್ನಿನ ಕಲಿಕೆಯ ಅಂಗವು ೨೦೦ ಕೆಟ್ಟ ಪತ್ರ, ೨೦೦ ಒಳ್ಳೆಯ ಪತ್ರ ನೋಡುವವರೆಗೆ ತೀರ್ಪು ಹೇಳಲೊಲ್ಲದು. ಆ ೨೦೦ ಒಳ್ಳೆಯ ಪತ್ರಗಳಲ್ಲಿ ಕನ್ನಡದ್ದು ಎಷ್ಟು? ಕಚೇರಿಯ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ ನಡೆದು, ಯಂತ್ರ ಕಂಡ ಕನ್ನಡವೆಲ್ಲ ನಿವೇಶನ ಮಾರುವವರ ಜಾಹೀರಾತಿನಲ್ಲೇ ಇದ್ದರೆ, ಅದಕ್ಕೆ "ನಮಸ್ಕಾರ", "ತಮ್ಮ", "ದಯವಿಟ್ಟು" ಎಂಬ ಪದಗಳೇ ಸ್ಪ್ಯಾಮಿನ ಲಕ್ಷಣವಾಗುತ್ತವೆ. ಯಂತ್ರಕ್ಕೆ ಕನ್ನಡದ ಮೇಲೆ ದ್ವೇಷವಿಲ್ಲ. ಯಂತ್ರಕ್ಕೆ ಪಾಠ ಹೇಳಿದವರಿಗೆ ಕನ್ನಡದ ನೆನಪಿಲ್ಲ, ಅಷ್ಟೆ. ಫಲ ಮಾತ್ರ ಎರಡಕ್ಕೂ ಒಂದೇ.

ಅದೇ ಗ್ರಹಾಂ ಮಾಡಿದ ಒಂದು ಸಣ್ಣ ಕೆಲಸ ನಮ್ಮ ನಿರ್ವಾಹಕರಿಗೆ ಮೇಲ್ಪಂಕ್ತಿಯಾಗಬೇಕು. ಒಳ್ಳೆಯ ಪತ್ರಗಳಲ್ಲಿ ಒಂದು ಪದ ಬಂದ ಲೆಕ್ಕವನ್ನು ಅವರು ಬೇಕೆಂದೇ ಇಮ್ಮಡಿ ಮಾಡಿದರು. ಗಣಿತಕ್ಕೆ ಅದು ಅಪಚಾರ. ಆದರೆ ಉದ್ದೇಶ ಸ್ಪಷ್ಟ. ಸ್ಪ್ಯಾಮ್ ಒಳಗೆ ನುಗ್ಗುವುದಕ್ಕಿಂತ ಒಳ್ಳೆಯ ಪತ್ರ ಹೊರಗುಳಿಯುವುದು ದೊಡ್ಡ ಅನರ್ಥ. ಆದುದರಿಂದ ತಕ್ಕಡಿಯನ್ನು ಒಳ್ಳೆಯದರ ಕಡೆಗೆ ಸ್ವಲ್ಪ ವಾಲಿಸಿಯೇ ಹಿಡಿಯಬೇಕು. ಒಂದು ಲೆಕ್ಕ ಹಾಕಿ ನೋಡಿ. ಒಂದು ಕಚೇರಿಗೆ ದಿನಕ್ಕೆ ೧,೦೦೦ ಪತ್ರ ಬರುತ್ತವೆ, ಅರ್ಧ ಒಳ್ಳೆಯವು ಎಂದಿಟ್ಟುಕೊಳ್ಳೋಣ. ಫಿಲ್ಟರ್ ಬಹು ಜಾಣ. ಒಳ್ಳೆಯ ಪತ್ರ ಸಾವಿರಕ್ಕೆ ಒಂದರಲ್ಲಿ ಮಾತ್ರ ಎಡವುತ್ತದೆ. ಎರಡು ದಿನಕ್ಕೊಂದು ಪತ್ರ ಬಾವಿಗೆ. ವರ್ಷಕ್ಕೆ ೧೮೦ಕ್ಕೂ ಹೆಚ್ಚು. ಆ ೧೮೦ರಲ್ಲಿ ಯಾರ ಅರ್ಜಿ, ಯಾರ ಅಳಲು, ಯಾರ ಕೊನೆಯ ದಿನಾಂಕ ಇತ್ತೆಂದು ಯಾರು ಬಲ್ಲರು? ಇನ್ನೊಂದು ಕಡೆ, ಜರಡಿಯನ್ನು ಸ್ವಲ್ಪ ಸಡಿಲಿಸಿದ್ದರಿಂದ ದಿನಕ್ಕೆ ಐದಾರು ಕಸದ ಕಾಗದ ಒಳಗೆ ಬಂದವೆನ್ನಿ. ಅಳಿಸಲು ಅರ್ಧ ನಿಮಿಷ. ಅರ್ಧ ನಿಮಿಷದ ಬೇಸರ ಒಬ್ಬರಿಗೆ, ಒಂದು ವರ್ಷದ ನಷ್ಟ ಇನ್ನೊಬ್ಬರಿಗೆ! ಬೇಸರಪಡುವವರು ಕಚೇರಿಯ ಒಳಗಿದ್ದಾರೆ, ನಷ್ಟವಾಗುವವರು ಹೊರಗಿದ್ದಾರೆ. ಜರಡಿಯ ಕಣ್ಣನ್ನು ಅಳೆಯುವವರು ಒಳಗಿನವರ ಸಂಬಳ ಉಣ್ಣುತ್ತಾರೆ. ರೋಗದ ಮೂಲ ಇಲ್ಲಿದೆ.

ಪ್ರತಿವಾದಗಳನ್ನೂ ಕೇಳಿಬಿಡೋಣ. "ನಿರಾಕರಣೆಯ ಕಾರಣ ಹೇಳಿದರೆ ಸ್ಪ್ಯಾಮಿನವನು ಬುದ್ಧಿ ಕಲಿತುಬಿಡುತ್ತಾನೆ" ಎನ್ನುವುದು ಮೊದಲನೆಯದು. ಲಕ್ಷಗಟ್ಟಲೆ ಕಾಗದವನ್ನು ಕಂಡವರ ಕಂಪ್ಯೂಟರಿನಿಂದ, ಕದ್ದ ಹೆಸರಿನಲ್ಲಿ ಕಳುಹಿಸುವವನು ಒಂದೊಂದು ಉತ್ತರವನ್ನೂ ಕುಳಿತು ಓದುತ್ತಾನೆಯೆ? ನಿಜವಾಗಿ ಚಾಣಾಕ್ಷನಾದವನು ತಾನೇ ಒಂದು ಖಾತೆ ತೆರೆದು ಪರೀಕ್ಷಿಸಿಕೊಳ್ಳುತ್ತಾನೆ. ಕಾರಣ ಓದುವವನು ಪ್ರಾಮಾಣಿಕ ಒಬ್ಬನೇ. ಅವನ ಬಾಯಿಗೆ ಮಾತ್ರ ನೀವು ಬೀಗ ಹಾಕಿದಿರಿ.

ಎರಡನೆಯದು ತೂಕವುಳ್ಳ ವಾದ: "ಹಿಂದಕ್ಕೆ ಕಳುಹಿಸಿದರೆ, ಸ್ಪ್ಯಾಮಿನವನು ಕದ್ದ ವಿಳಾಸದ ನಿರಪರಾಧಿಯ ಮನೆಗೆ ಹಿಂದಿರುಗಿದ ಕಾಗದಗಳ ಮಳೆ ಸುರಿಯುತ್ತದೆ." ಸತ್ಯ. ಪಡೆದಾದ ಮೇಲೆ ಹಿಂದಕ್ಕೆ ಕಳುಹಿಸಿದರೆ ಹಾಗಾಗುತ್ತದೆ. ಆದುದರಿಂದಲೇ ನಾನು ಹೇಳುವುದು, ಪಡೆಯುವ ಮುಂಚೆ, ಬಾಗಿಲಲ್ಲಿ, ಸಂಭಾಷಣೆ ಮುಗಿಯುವ ಮೊದಲೇ ಒಲ್ಲೆ ಎನ್ನಿ. ಅದಕ್ಕೆಂದೇ ಮಿಲ್ಟರ್ ಎಂಬ ಏರ್ಪಾಡು ಎಷ್ಟೋ ವರ್ಷಗಳಿಂದ ಇದೆ. ಪತ್ರ ಇನ್ನೂ ಹೊಸ್ತಿಲ ಮೇಲಿರುವಾಗಲೇ ಫಿಲ್ಟರ್ ಅದನ್ನು ಪರೀಕ್ಷಿಸಬಲ್ಲುದು. "ಅಷ್ಟು ಹೊತ್ತು ಕಾಯಿಸಬಹುದೆ?" ಎಂದರೆ, ಪತ್ರದ ಕೊನೆಯ ಚುಕ್ಕೆಯಾದ ಮೇಲೆ ಉತ್ತರಕ್ಕಾಗಿ ಕಳುಹಿಸುವ ಸರ್ವರು ೧೦ ನಿಮಿಷ ಕಾಯಬೇಕೆಂದು ನಿಯಮಾವಳಿಯೇ ಹೇಳುತ್ತದೆ. ಫಿಲ್ಟರಿಗೆ ಬೇಕಾದದ್ದು ಕೆಲವು ಸೆಕೆಂಡು. ಆರ್‌ಸ್ಪ್ಯಾಮ್‌ಡಿ ಎಂಬ ಹೊಸ ಫಿಲ್ಟರಿನ ಮೂಲ ಏರ್ಪಾಡೇ ಈ ವಿವೇಕವನ್ನು ತೋರಿಸುತ್ತದೆ: ೪ ಅಂಕಕ್ಕೆ "ಸ್ವಲ್ಪ ತಡೆದು ಬಾ", ೬ಕ್ಕೆ ಗುರುತು, ೧೫ಕ್ಕೆ ನೇರ ನಿರಾಕರಣೆ. ಮಧ್ಯದಲ್ಲಿ ಸಂಶಯಕ್ಕೆ ಎಷ್ಟು ವಿಶಾಲವಾದ ಅಂಗಳ ಬಿಟ್ಟಿದ್ದಾರೆ ನೋಡಿ!

ಮೂರನೆಯದು: "ಸ್ಪ್ಯಾಮ್ ಪೆಟ್ಟಿಗೆ ಇದೆಯಲ್ಲ, ಜನ ನೋಡಿಕೊಳ್ಳಲಿ." ಬಾವಿಗಿಂತ ಪೆಟ್ಟಿಗೆ ಎಷ್ಟೋ ಮೇಲು, ಒಪ್ಪಿದೆ. ಆದರೆ ಅದು ಇದೆಯೆಂದು ತಿಳಿಯದವರು, ತೆರೆಯಲು ಹೆದರುವವರು ಎಷ್ಟು ಜನ! ಜಿಮೇಲಿನಲ್ಲಿ ಆ ಪೆಟ್ಟಿಗೆಯ ಪತ್ರ ೩೦ ದಿನಕ್ಕೆ ತಾನಾಗಿ ಅಳಿಯುತ್ತದೆ. ಪೆಟ್ಟಿಗೆಯಲ್ಲಿ ಹಾಕಿದೆವೆಂದು ದಿನಕ್ಕೊಮ್ಮೆ ಯಜಮಾನನಿಗೆ ಪಟ್ಟಿ ಕೊಟ್ಟರೆ ಮಾತ್ರ ಪೆಟ್ಟಿಗೆಗೆ ಅರ್ಥ. ಮೊರದಲ್ಲಿ ಕೇರುವ ಹೆಣ್ಣುಮಗಳು ಜಳ್ಳನ್ನು ತಿಪ್ಪೆಗೆ ಚೆಲ್ಲುವ ಮುನ್ನ ಒಮ್ಮೆ ಕೈಯಾಡಿಸಿ ನೋಡುತ್ತಾಳೆ. ಕಾಳಿನ ಬೆಲೆ ಅವಳಿಗೆ ಗೊತ್ತು.

ದೊಡ್ಡ ಕಂಪೆನಿಗಳನ್ನು ದೂರುವುದು ಈಗಿನ ರೂಢಿ. ದೂರಲು ಕಾರಣಗಳೂ ಇವೆ. ಸಣ್ಣ ಸರ್ವರು ನಡೆಸುವವನ ಪತ್ರಕ್ಕೆ ಅವು ಕೊಡುವ ಮರ್ಯಾದೆ ಅಷ್ಟಕ್ಕಷ್ಟೆ. ಆದರೆ ೨೦೨೪ರ ಫೆಬ್ರವರಿಯಲ್ಲಿ ಗೂಗಲ್ ಮತ್ತು ಯಾಹೂ ರಾಶಿ ಪತ್ರ ಕಳುಹಿಸುವವರಿಗೆ ಕಟ್ಟುಪಾಡು ತಂದಾಗ ಬಾಯಿಬಿಟ್ಟು ಹೇಳಿ ತಂದವು. ಜಿಮೇಲಿಗೆ ದಿನಕ್ಕೆ ೫,೦೦೦ಕ್ಕೂ ಹೆಚ್ಚು ಪತ್ರ ಕ‍ಳುಹಿಸುವವರು ತಮ್ಮ ಗುರುತನ್ನು ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಮೂರು ಬಗೆಯಿಂದ ಸ್ಥಾಪಿಸಬೇಕು. ಸ್ಪ್ಯಾಮೆಂಬ ದೂರು ಶೇಕಡಾ ೦.೩ನ್ನು ಮುಟ್ಟಬಾರದು. ಕಠಿಣವಿರಬಹುದು, ಗುಟ್ಟಿಲ್ಲ. ಸಮುದ್ರದಷ್ಟು ಪತ್ರ ಕಾಣುವವರಿಗೆ ಸಾಧ್ಯವಾದ ನೇರ ನಡೆ, ಇನ್ನೂರು ಜನರ ಕಚೇರಿಯ ಸರ್ವರಿಗೆ ಏಕೆ ಅಸಾಧ್ಯ?

ಅಸಾಧ್ಯವಾದದ್ದನ್ನು ನಾನು ಕೇಳುತ್ತಿಲ್ಲ. ಒಲ್ಲದ ಪತ್ರವನ್ನು ಬಾಗಿಲಲ್ಲೇ, ಕಾರಣ ಹೇಳಿ, ನಿರಾಕರಿಸಿ. ಸಂಶಯವಿದ್ದದ್ದಕ್ಕೆ ಗುರುತು ಹಾಕಿ ಒಳಗೆ ಬಿಡಿ, ಪಟ್ಟಿ ಕೊಡಿ. ೨೫೦ ಎಂದ ಮೇಲೆ ಎಸೆಯಬೇಡಿ. ಕಂಪ್ಯೂಟರನ್ನೇ ಕೆಡಿಸುವ ವೈರಸ್ಸಿನಂಥದಕ್ಕೆ ಮಾತ್ರ ಅದು ಸಲ್ಲಲಿ, ಅದಕ್ಕೂ ದಾಖಲೆ ಇರಲಿ. ಪ್ರತಿ ಸರ್ವರಿನಲ್ಲಿಯೂ "ಪೋಸ್ಟ್‌ಮಾಸ್ಟರ್" ಎಂಬ ವಿಳಾಸ ಇರಲೇಬೇಕೆಂದು ನಿಯಮವಿದೆ. ಅದರ ಹಿಂದೆ ಓದುವ ಒಬ್ಬ ಮನುಷ್ಯನೂ ಇರಲಿ, ಆ ವಿಳಾಸಕ್ಕೆ ಜರಡಿ ಹಿಡಿಯಬೇಡಿ. ಬಳಸುವ ಕರಿಪಟ್ಟಿಗಳು ಬದುಕಿವೆಯೇ ಎಂದು ಮೂರು ತಿಂಗಳಿಗೊಮ್ಮೆ ನೋಡಿ. ಯಂತ್ರಕ್ಕೆ ಕಲಿಸುವಾಗ ಒಳ್ಳೆಯ ಕನ್ನಡ ಪತ್ರಗಳನ್ನೂ ಒಂದು ಕಟ್ಟು ತೋರಿಸಿ. ಅರ್ಜಿ, ದೂರು, ಲೇಖನಗಳನ್ನು ಪಡೆಯುವ ಸಾರ್ವಜನಿಕ ವಿಳಾಸಗಳಿಗೆ ಅತ್ಯಂತ ಸಡಿಲವಾದ ಜರಡಿ ಸಾಕು. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಅಪರಿಚಿತರೇ, ಅಪರಿಚಿತರಾಗಿರುವುದು ಅಪರಾಧವಲ್ಲ.

ಇವೆಲ್ಲ ಒಂದು ದಿನದ ಕೆಲಸ. ಹಣ ಬೇಡ, ಹೊಸ ಯಂತ್ರ ಬೇಡ. ಸರ್ವರಿನ ಕಡತದಲ್ಲಿ ಕೆಲವು ಸಾಲು ತಿದ್ದಿದರೆ ಆಯಿತು. ವಾಚಕರೂ ಕೈಕಟ್ಟಿ ಕುಳಿತಿರಬೇಕಾಗಿಲ್ಲ. ನಾಳೆ ನಿಮ್ಮ ಕಚೇರಿಗೆ, ನಿಮ್ಮ ಮಗ ಓದುವ ಕಾಲೇಜಿಗೆ, ನೀವು ಲೇಖನ ಕಳುಹಿಸುವ ಪತ್ರಿಕೆಗೆ ಒಂದು ಪ್ರಶ್ನೆ ಕೇಳಿ: "ನಿಮ್ಮ ಸರ್ವರು ಒಲ್ಲದ ಪತ್ರವನ್ನು ಏನು ಮಾಡುತ್ತದೆ?" ಉತ್ತರ ಬಲ್ಲವರು ಅಲ್ಲಿ ಯಾರಾದರೂ ಇದ್ದರೆ ಸಂತೋಷ. ಯಾರೂ ಇಲ್ಲದಿದ್ದರೆ ಆ ಪ್ರಶ್ನೆಯನ್ನು ಕಾಗದದಲ್ಲಿ ಬರೆದು, ಟಿಕೀಟು ಅಂಟಿಸಿ, ಅಂಚೆಯಲ್ಲಿ ಕಳುಹಿಸಿ. ಈಮೇಲಿನಲ್ಲಿ ಕಳುಹಿಸಿದರೆ ಅದರ ಗತಿ ಏನಾಯಿತೆಂದು ತಿಳಿಯುವುದು ಹೇಗೆ?